ಜೇಬಿನಲ್ಲಿ ಸ್ಪ್ಲಿಟ್ ಪಿನ್

ಬಾಷಾ ಸಾಬರು ಡೀಸೆಲ್ ಡಬ್ಬದ ಕಡೆ ತಿರುಗಿದ್ದೇ ತಡ, ಭುವನಾ ಗೋಣಿತಾಟಿನ ಮೇಲಿದ್ದ ಸ್ಪ್ಲಿಟ್ ಪಿನ್ನನ್ನು ಎತ್ತಿ ಮುಷ್ಟಿಯಲ್ಲಿ ಅಡಗಿಸಿಕೊಂಡಳು.

ಬೆರಳುದ್ದದ ಪಿನ್ನು ಅಷ್ಟೇ. ಆದರೆ ಅದಿಲ್ಲದಿದ್ದರೆ ಓಡುವಾಗ ಚಕ್ರದ ನಟ್ಟು ಬಿಚ್ಚಿಕೊಳ್ಳುತ್ತದಂತೆ. ಈಗಷ್ಟೇ ಬಾಷಾ ಸಾಬರೇ ಹೇಳಿದ್ದರು. ಪಿನ್ನು ಸಿಗದಿದ್ದರೆ ಲಾರಿ ಹೊರಡುವುದಿಲ್ಲ. ಲಾರಿ ಹೊರಡದಿದ್ದರೆ ಅಪ್ಪನೂ ಹೊರಡುವುದಿಲ್ಲ. ಭುವನಾಳ ಲೆಕ್ಕ ಇಷ್ಟೇ.

ಅಪ್ಪನ ಮುಖ ನೋಡದೆ ಅವಳು ಇಪ್ಪತ್ತಾರು ದಿನ ಕಳೆದಿದ್ದಳು. ಬೆಳಿಗ್ಗೆ ಅಪ್ಪ ಫೋನ್ ಮಾಡಿದ್ದ. "ಮುಂದಿನ ಚಕ್ರದಲ್ಲಿ ಏನೋ ಸೌಂಡ್ ಬರ್ತೈತೆ. ಬಾಷಾ ಸಾಬ್ರ ಗ್ಯಾರೇಜಿಗೆ ಹಾಕ್ತೀನಿ. ಬಾ ಪುಟ್ಟಿ." ಭಾನುವಾರವಾದ್ದರಿಂದ ಅವಳು ತಿಂಡಿಯನ್ನೂ ಅರ್ಧಕ್ಕೆ ಬಿಟ್ಟು ಓಡಿ ಬಂದಿದ್ದಳು.

ನಾಳೆ ಸ್ಕೂಲಿನಲ್ಲಿ ಪೇರೆಂಟ್ಸ್ ಮೀಟಿಂಗ್. ಪ್ರತಿ ಸಲವೂ ಅಮ್ಮ ಒಬ್ಬಳೇ ಬರುತ್ತಾಳೆ. ಆ ಗಿಡ್ಡ ಬೆಂಚಿನ ಮೇಲೆ ಅಪ್ಪ ಮಂಡಿ ಮಡಚಿಕೊಂಡು ಕೂರಬೇಕು, ಮಿಸ್ ತನ್ನ ಹೆಸರು ಕರೆದಾಗ ಅವನು ನಗಬೇಕು. ಒಂದೇ ಒಂದು ಸಲ ಸಾಕು ಎಂದು ಅವಳಿಗೆ ಆಸೆ.

ಅಪ್ಪನೋ ಆಗಲೇ ಲಾರಿಯ ಓನರಿಗೆ ಫೋನಿನಲ್ಲಿ ಮಾತು ಕೊಟ್ಟುಬಿಟ್ಟಿದ್ದ. "ಎರಡು ಗಂಟೆಗೆ ಬುಡ್ತೀನಿ ಸಾರ್. ಚಳ್ಳಕೆರೇಲಿ ಲೋಡ್ ಮಾಡ್ಕೊಂಡು ನಾಳೆ ಪುಣೆ."

ಬಾಷಾ ಸಾಬರು ಡೀಸೆಲ್‌ನಲ್ಲಿ ತೊಳೆದ ಚಕ್ರದ ಬೇರಿಂಗನ್ನು ಬಟ್ಟೆಯಲ್ಲಿ ಒರೆಸಿ, ಅಂಗೈ ಮೇಲೆ ಒಂದು ಮುದ್ದೆ ಗ್ರೀಸ್ ಇಟ್ಟುಕೊಂಡರು. ಬೇರಿಂಗಿನ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆದರು. ಈ ಕಡೆಯಿಂದ ಹೋದ ಗ್ರೀಸ್ ಗುಂಡುಗುಂಡು ಉರುಳೆಗಳ ನಡುವಿನಿಂದ ಆ ಕಡೆ ಇಣುಕಿತು.

"ಬಾ ಬೇಟಿ, ನೀನೂ ಒತ್ತು."

ಭುವನಾ ಒಂದು ಕೈ ಮಾತ್ರ ಚಾಚಿದಳು.

"ಎರಡು ಕೈನೂ ಬೇಕು ಕಣಮ್ಮ ಇದಕ್ಕೆ."

ಅವಳು ಆ ಕಡೆ ತಿರುಗಿ ಪಿನ್ನನ್ನು ಫ್ರಾಕಿನ ಜೇಬಿಗೆ ಜಾರಿಸಿ, ಏನೂ ಅರಿಯದವಳಂತೆ ಕೂತು ಒತ್ತಿದಳು. ಗ್ರೀಸ್ ಮೊಣಕೈವರೆಗೂ ಹತ್ತಿತು.

ಸಾಬರು ಬೇರಿಂಗನ್ನು ಚಕ್ರದ ನಡುವಿನ ಹಬ್‌ನೊಳಗೆ ಕೂರಿಸಿದರು. ನಟ್ಟು ಬಿಗಿದರು, ಚಕ್ರ ತಿರುಗಿಸಿದರು, ನಟ್ಟನ್ನು ಕೂದಲೆಳೆಯಷ್ಟು ಸಡಿಲ ಮಾಡಿದರು. ಇನ್ನು ಪಿನ್ನು. ಭುವನಾ ಅಂಗೈಯಿಂದ ಜೇಬನ್ನು ಮುಚ್ಚಿಕೊಂಡಳು.

ಸಾಬರ ಕೈ ಗೋಣಿತಾಟಿನ ಕಡೆ ಹೋಗಲೇ ಇಲ್ಲ. ಗೋಡೆಯ ಗೂಡಿನಲ್ಲಿದ್ದ ತಗಡಿನ ಡಬ್ಬಿಯಿಂದ ಹೊಸ ಪಿನ್ನೊಂದನ್ನು ತೆಗೆದು, ತೂರಿಸಿ, ತುದಿ ಬಗ್ಗಿಸಿಬಿಟ್ಟರು.

"ಹಳೇದು ಬೇಡ್ವಾ ತಾತ?" ಅವಳ ದನಿ ಸಣ್ಣಗಾಗಿತ್ತು.

"ಒಂದ್ಸಲ ಬಗ್ಗಿಸಿದ ಪಿನ್ನು ಮತ್ತೆ ಹಾಕಂಗಿಲ್ಲ ಬೇಟಿ. ಮುರ್ದೋಯ್ತದೆ. ನಿನ್ ಜೇಬಲ್ಲಿರೋದು ನೀನೇ ಇಟ್ಕೊ."

ಭುವನಾಳ ಕಣ್ಣು ತುಂಬಿತು. "ನಾಳೆ ಮೀಟಿಂಗ್ ಐತೆ ತಾತ. ಅಪ್ಪ ಇವತ್ತೊಂದಿನ ಉಳ್ಕೊಳ್ಲಿ ಅಂತ..."

ಸಾಬರು ಬೈಯಲಿಲ್ಲ. ಹಬ್‌ನಿಂದ ತೆಗೆದಿದ್ದ ಹಳೆಯ ಗ್ರೀಸನ್ನು ಬೆರಳಲ್ಲಿ ಎತ್ತಿ ತೋರಿಸಿದರು. "ನೋಡು, ಕರಗಿಲ್ಲ, ಕಪ್ಪೂ ಆಗಿಲ್ಲ. ಬೇರಿಂಗೂ ಚೆಂದಾಗೈತೆ. ಇನ್ನೂ ಎರಡು ತಿಂಗಳು ಆರಾಮಾಗಿ ಓಡ್ತಿತ್ತು."

"ಮತ್ತೆ ಸೌಂಡ್ ಬರ್ತೈತೆ ಅಂತ ಅಪ್ಪ ಅಂದ್ನಲ್ಲ?"

"ಆ ಸೌಂಡು ನಿಮ್ಮಪ್ಪನಿಗೆ ಮಾತ್ರ ಕೇಳಿಸೋದು. ಅದೂ ನಮ್ಮೂರು ಶಿರಾ ಹತ್ರ ಬಂದಾಗ." ಸಾಬರು ಕೈ ಒರೆಸಿಕೊಂಡರು. "ಹೋದ ಸಲನೂ ಅಂಗೇ ಬಂದಿದ್ದ."

ಭುವನಾ ತಿರುಗಿ ನೋಡಿದಳು. ಅಪ್ಪ ಬೇವಿನ ಮರದ ನೆರಳಲ್ಲಿ ಫೋನ್ ಹಿಡಿದು ನಿಂತಿದ್ದ. ಅವನ ಕಣ್ಣು ಲಾರಿಯ ಮೇಲಿರಲಿಲ್ಲ, ಅವಳ ಮೇಲಿತ್ತು. ಎಷ್ಟು ಹೊತ್ತಿನಿಂದ ಹಾಗೇ ನೋಡುತ್ತಿದ್ದನೋ.

ಅವಳು ಹೋಗಿ ಗ್ರೀಸಿನ ಕೈಯಿಂದಲೇ ಅಪ್ಪನ ಕೈ ಹಿಡಿದಳು. ಫೋನಿನಲ್ಲಿ ಓನರ್ ಜೋರಾಗಿ ಏನೋ ಕೇಳುತ್ತಿದ್ದ.

"ಚಕ್ರ ಆಯ್ತಾ ಪುಟ್ಟಿ?" ಅಪ್ಪ ಮೆಲ್ಲಗೆ ಕೇಳಿದ.

ಭುವನಾ ಸಾಬರ ಕಡೆ ನೋಡಿದಳು. ಆಮೇಲೆ ಅಪ್ಪನ ಕಡೆ.

"ಇಲ್ಲಪ್ಪ. ಇನ್ನೂ ಅರ್ಧ ಗಂಟೆ ಆಯ್ತದಂತೆ."

ಅಪ್ಪ ಅವಳನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಫೋನಿಗೆ, "ಇನ್ನೂ ಅರ್ಧ ಗಂಟೆ ಸಾರ್," ಎಂದ.

ಅತ್ತ ಬಾಷಾ ಸಾಬರು ಹಬ್‌ನ ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಒರೆಸತೊಡಗಿದರು. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.