ಲೆಂಕ ಬಮ್ಮೆಯನ ಊಟ

ಅರಳುಗುಂದದ ರಾಜಬೀದಿಗೆ ಅಂದು ಬೆಳಗಿನಿಂದ ಮೂರು ಸಲ ನೀರು ಹೊಡೆದಿದ್ದರು. ಮೂಡಣ ಬಾಗಿಲಿನಿಂದ ಅರಮನೆಯ ಮೆಟ್ಟಿಲವರೆಗೆ ಬಾಳೆಕಂಬ, ಮಾವಿನ ತೋರಣ. ಎರಡೂ ಬದಿಯ ಉಪ್ಪರಿಗೆಗಳಿಂದ ಕುಸುಬೆಯ ಬಣ್ಣದಲ್ಲಿ ಅದ್ದಿದ ಬಟ್ಟೆಗಳು ಇಳಿಬಿದ್ದಿದ್ದವು. ಪಟ್ಟದಾನೆಯ ಹಣೆಗೆ ಚಿತ್ರ ಬರೆಯುವವರು ಏಣಿಯ ಮೇಲೆ ನಿಂತಿದ್ದರೆ ಆನೆ ಸೊಂಡಿಲು ಚಾಚಿ ಅವರ ಬಣ್ಣದ ಕುಡಿಕೆಯನ್ನೇ ಹುಡುಕುತ್ತಿತ್ತು. ಕಂಚುಗಾರರ ಕೇರಿಯಲ್ಲಿ ಹೊಸ ಕಹಳೆಗಳನ್ನು ಊದಿ ನೋಡುತ್ತಿದ್ದ ಸದ್ದಿಗೆ ಕೋಟೆಯ ಪಾರಿವಾಳಗಳು ಕೂರಲಾರದೆ ಹಾರಾಡುತ್ತಿದ್ದವು. ಮಲ್ಲರಸರು ತೀರಿಕೊಂಡು ಮೂರು ತಿಂಗಳಾಗಿತ್ತು. ಇನ್ನು ಆರು ದಿನಕ್ಕೆ ಅವರ ಮಗ ಚಂದರಸರಿಗೆ ಪಟ್ಟ.

ಆ ಸಡಗರದ ನಡುವೆ ಒಬ್ಬನು ಯಾರನ್ನೂ ನೋಡದೆ ಅರಮನೆಯ ಕಡೆಗೆ ನಡೆಯುತ್ತಿದ್ದನು. ಐವತ್ತು ದಾಟಿದ ಗಟ್ಟಿ ಆಳು. ಎಡಗಾಲಿನಲ್ಲಿ ಬೆಳ್ಳಿಯ ಕಡಗ. ಆ ಕಡಗವನ್ನು ಕಂಡವರು ಮೊದಲೆಲ್ಲ ದಾರಿ ಬಿಟ್ಟು ಕೈಮುಗಿಯುತ್ತಿದ್ದರು. ಈಗಲೂ ದಾರಿ ಬಿಡುತ್ತಿದ್ದರು. ಕೈ ಮಾತ್ರ ಮುಗಿಯುತ್ತಿರಲಿಲ್ಲ.

“ಸರಿಯಿರಪ್ಪಾ, ಸರಿಯಿರಿ,” ಎಂದು ವೀಳ್ಯದೆಲೆಯ ಅಂಗಡಿಯವನು ಗಟ್ಟಿಯಾಗಿ ಹೇಳಿದನು. “ಬದುಕಿರುವ ಲೆಂಕರು ಬರುತ್ತಿದ್ದಾರೆ. ಇಂಥವರನ್ನು ನಮ್ಮ ಅಜ್ಜನೂ ಕಂಡಿರಲಿಲ್ಲ.”

ಅದು ಸುಳ್ಳಲ್ಲ. ಅರಳುಗುಂದದಲ್ಲಿ ಅರಸನು ಪಟ್ಟವೇರಿದ ದಿನ ಅವನ ಎಲೆಯ ಅನ್ನದಲ್ಲಿ ಒಂದು ತುತ್ತು ಉಂಡು, ‘ನಿನ್ನ ಉಸಿರು ಇರುವವರೆಗೆ ನನ್ನ ಉಸಿರು’ ಎಂದು ನುಡಿ ಕೊಟ್ಟ ವೀರರಿಗೆ ಲೆಂಕರೆಂದು ಹೆಸರು. ಅರಸನ ಮೈಗಾವಲು ಅವರದು. ಕೇಳದೆಯೇ ಹತ್ತಿರ ಹೋಗಿ ಅರಸನ ಕಿವಿಯಲ್ಲಿ ಮಾತಾಡುವ ಹಕ್ಕು ಅವರದು. ಅರಸನು ಸತ್ತ ದಿನ ತಾವೂ ಸಾಯುವ ಹೊಣೆಯೂ ಅವರದು. ಮಲ್ಲರಸರಿಗೆ ಏಳು ಜನ ಲೆಂಕರಿದ್ದರು. ಆರು ಜನ ಅಂದಿನ ಸಂಜೆಯೊಳಗೆ ತಮ್ಮ ನುಡಿ ತೀರಿಸಿದ್ದರು. ಏಳನೆಯವನು ಬಮ್ಮೆಯ.

ಅರಮನೆಯ ಬಾಗಿಲಲ್ಲಿ ಕಾವಲಿನವನು ಅವನನ್ನು ಕಂಡು ನಿಟ್ಟುಸಿರುಬಿಟ್ಟನು.

“ಅರಸರು ಎಣ್ಣೆಸ್ನಾನದಲ್ಲಿದ್ದಾರೆ, ನಾಯಕರೇ.”

“ನಿನ್ನೆ?”

“ನಿನ್ನೆ ಪೂಜೆಯಲ್ಲಿದ್ದರು.”

“ನಾಳೆ?”

“ನಾಳೆಯದನ್ನು ನಾಳೆ ಹೇಳುತ್ತೇನೆ. ಈಗಲೇ ಹೇಳಿಬಿಟ್ಟರೆ ನಾಳೆ ನನಗೇನು ಕೆಲಸ?”

ಬಮ್ಮೆಯನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದು ಬಂದು ಅದೂ ಸವೆದುಹೋಗಿತ್ತು. ಇದು ಎಂಬತ್ತೊಂದನೆಯ ಸಲ. ಹೇಳಬೇಕಾದದ್ದು ನಾಲ್ಕೇ ಮಾತು, ಕೇಳಬೇಕಾದವರು ಒಬ್ಬರೇ. ನಡುವೆ ಇದ್ದದ್ದು ಒಂದು ಮರದ ಬಾಗಿಲು.

ಮಲ್ಲರಸರು ಕೊನೆಯುಸಿರೆಳೆದಾಗ ಬಮ್ಮೆಯನು ಗಡಿಯ ಕಣಿವೆಯ ಕಾವಲು ನೋಡಲು ಹೋಗಿದ್ದನು. ಆರನೆಯ ದಿನ ಊರಿಗೆ ಮರಳಿದವನಿಗೆ ಕೋಟೆಯ ಹೊರಗೆ ಆರು ಹೊಸ ಗುಡ್ಡೆಗಳು ಕಂಡವು. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಅವನು ಮನೆಗೆ ಹೋಗಿ ಮಿಂದು ಬಿಳಿಯ ಬಟ್ಟೆ ಉಟ್ಟನು. ಆಗ ಅರಮನೆಯ ವೈದ್ಯರಾದ ಅಗ್ಗಳ ಪಂಡಿತರು ಏದುಸಿರು ಬಿಡುತ್ತ ಬಂದು ಅವನ ಕೈ ಹಿಡಿದುಕೊಂಡರು.

“ಬೇಡ, ನಾಯಕರೇ. ಅರಸರು ಬೇಡವೆಂದರು. ನಾನೇ ಕಿವಿಯಾರೆ ಕೇಳಿದೆ. ‘ನನ್ನ ಹಿಂದೆ ಯಾರೂ ಬರಕೂಡದು, ಏಳು ಜನಕ್ಕೂ ಹೇಳಿ, ಅವರು ಚಂದನಿಗೆ ಬೇಕು’ ಎಂದರು. ಮಹಾಪ್ರಧಾನ ಸೋವಣಯ್ಯನವರು ಕೈಮುಗಿದುಕೊಂಡು ‘ಅಪ್ಪಣೆ’ ಎಂದು ಹೊರಗೆ ಹೋದರು. ಹೋದವರು ಯಾರಿಗೂ ಹೇಳಲಿಲ್ಲ. ನಾನು ಅರಸರ ನಾಡಿ ಬಿಟ್ಟು ಏಳುವ ಹಾಗಿರಲಿಲ್ಲ. ಎದ್ದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.”

ಸೋವಣಯ್ಯನು ಏಕೆ ಹೇಳಲಿಲ್ಲವೆಂಬುದು ಬಮ್ಮೆಯನಿಗೆ ತಿಳಿಯದ ವಿಷಯವಲ್ಲ. ನೆರೆಯ ಅರಸನಿಗೆ ಕಣಿವೆಯನ್ನು ಬಿಟ್ಟುಕೊಡುವ ಮಾತುಕತೆ ಗುಟ್ಟಿನಲ್ಲಿ ನಡೆಯುತ್ತಿತ್ತು. ಅದನ್ನು ಮೂಸಿ ನೋಡಿ ಅರಸರ ಕಿವಿಗೆ ಹಾಕಬಲ್ಲವರು, ಯಾವ ಆಸೆಗೂ ಬಗ್ಗದವರು, ಈ ಏಳು ಜನರೇ. ಅವರನ್ನು ಮುಗಿಸಲು ಪ್ರಧಾನನು ಕತ್ತಿ ಹಿರಿಯಬೇಕಾಗಿರಲಿಲ್ಲ. ಒಂದು ಮಾತನ್ನು ಬಾಯಲ್ಲೇ ಇಟ್ಟುಕೊಂಡರೆ ಸಾಕಾಗಿತ್ತು.

ಬಮ್ಮೆಯನು ಬಿಳಿಯ ಬಟ್ಟೆ ಬಿಚ್ಚಿಟ್ಟನು. ಅವನು ಜೀವಮಾನದಲ್ಲಿ ಮಾಡಿದ ಅತ್ಯಂತ ಕಷ್ಟದ ಕೆಲಸ ಅದೇ.

ಅಂದಿನಿಂದ ಅವನಿಗೆ ಎರಡೇ ಉದ್ಯೋಗ. ಬೆಳಿಗ್ಗೆ ಅರಮನೆಯ ಬಾಗಿಲು ಕಾಯುವುದು. ಆಮೇಲೆ ಸತ್ತ ಗೆಳೆಯರ ಆರು ಮನೆಗಳ ಹೊಲ ಉಳುವುದು. ಯಾರೂ ಅವನನ್ನು ಕರೆದಿರಲಿಲ್ಲ. ಆ ಆರು ಜನರಲ್ಲೊಬ್ಬನಾದ ಮಾಚೆಯನ ಹೆಂಡತಿ ಚಟ್ಟವ್ವೆ ಮೊದಲ ದಿನವೇ ಬದುವಿನ ಮೇಲೆ ನಿಂತು ಬೈದಿದ್ದಳು.

“ನನ್ನ ಗಂಡ ನುಡಿಗೆ ಸತ್ತ. ನೀನು ಉಳುತ್ತಿದ್ದೀಯ. ನಾಚಿಕೆಯಾಗುವುದಿಲ್ಲವೇ?”

“ಆಗುತ್ತದೆ, ತಾಯಿ. ಆ ಎತ್ತಿಗೆ ನೀರು ಇಟ್ಟಿದ್ದೀಯಾ?”

“ಎತ್ತಿಗೆ ಇಟ್ಟಿದ್ದೇನೆ. ನಿನಗಿಲ್ಲ.”

ಹಾಗೆಂದರೂ ಹದಿನೈದು ದಿನದ ಮೇಲೆ ಬದುವಿನಲ್ಲಿ ಒಂದು ತಂಬಿಗೆ ಕಾಣಿಸಿಕೊಂಡಿತು. ಅದನ್ನು ಅಲ್ಲಿ ಯಾರಿಟ್ಟರೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಬೈಗುಳ ಮಾತ್ರ ನಿಲ್ಲಲಿಲ್ಲ. ಆದರೂ ನೇಗಿಲ ಹಿಂದೆ ನಡೆಯುವಾಗ, ಮಣ್ಣು ಮಗುಚಿಕೊಳ್ಳುವ ಆ ಕೆಲವು ಗಳಿಗೆ, ತಾನು ಏಕೆ ಬದುಕಿದ್ದೇನೆಂಬ ಪ್ರಶ್ನೆ ಅವನನ್ನು ಬಿಟ್ಟಿರುತ್ತಿತ್ತು.

ಅಂದು ಬಾಗಿಲಿನಿಂದ ಹಿಂದಿರುಗಿ ಹೊಲಕ್ಕೆ ಬಂದರೆ ಚಟ್ಟವ್ವೆ ಬೈಯಲಿಲ್ಲ. ಅದೇ ಅವನಿಗೆ ಭಯ ಹುಟ್ಟಿಸಿತು.

“ಏನಾಯಿತು, ತಾಯಿ?”

“ಹೊಸ ಅರಸರಿಗೆ ಹನ್ನೆರಡು ಜನ ಲೆಂಕರಂತೆ. ಮಹಾಪ್ರಧಾನರೇ ಆರಿಸಿದ್ದಾರೆ. ನಮ್ಮ ಕಾಳೆಯನ ಹೆಸರು ಬಂದಿದೆ.” ಕಾಳೆಯ ಅವಳ ಮೈದುನ, ಇಪ್ಪತ್ತು ವರ್ಷದವನು, ಆ ಮನೆಗೆ ಉಳಿದಿದ್ದ ಒಬ್ಬನೇ ಗಂಡಸು. “ಅವನು ಕುಣಿಯುತ್ತಿದ್ದಾನೆ. ಅಣ್ಣನ ಹಾಗೆ ಹೆಸರು ಪಡೆಯುತ್ತಾನಂತೆ. ನಾನು ಬೇಡವೆನ್ನುವ ಹಾಗಿಲ್ಲ. ಊರು ಏನಂದೀತು?”

ಉಳಿದ ಹನ್ನೊಂದು ಹೆಸರುಗಳನ್ನು ಅವಳು ಹೇಳುತ್ತ ಹೋದ ಹಾಗೆ ಬಮ್ಮೆಯನ ಕೈ ನೇಗಿಲ ಮೇಳಿಯ ಮೇಲೆ ಬಿಗಿಯಿತು. ಹನ್ನೆರಡೂ ಸೋವಣಯ್ಯನಿಗೆ ತಲೆಬಾಗದ ಮನೆಗಳು. ನಾಳೆ ಚಂದರಸರಿಗೆ ಏನಾದರೂ ಆಯಿತೆಂದರೆ, ಪ್ರಧಾನನ ಎದುರು ನಿಲ್ಲಬಲ್ಲ ಮನೆ ಆ ಸಂಜೆಗೆ ಒಂದೂ ಉಳಿಯುವುದಿಲ್ಲ. ಅರಸನಿಗೆ ಏನೂ ಆಗದಿರಲೆಂದು ನೋಡಿಕೊಳ್ಳಬೇಕಾದವನೂ ಅದೇ ಪ್ರಧಾನ.

ಮರುದಿನ ಅವನು ಸೋವಣಯ್ಯನ ಪಲ್ಲಕ್ಕಿಗೆ ಅಡ್ಡ ನಿಂತನು. ಮಹಾಪ್ರಧಾನನು ಸಿಟ್ಟಾಗಲಿಲ್ಲ. ಬೆಳ್ಳಗಿನ ತೆಳ್ಳಗಿನ ಮನುಷ್ಯ. ಎಂದೂ ದನಿ ಏರಿಸಿದವನಲ್ಲ.

“ಬಮ್ಮೆಯ ನಾಯಕರು! ಆರೋಗ್ಯವೇ? ಉಳುಮೆ ಮೈಗೆ ಒಗ್ಗಿದ ಹಾಗಿದೆ.”

“ಮಲ್ಲರಸರ ಕೊನೆಯ ಮಾತು ತಮ್ಮಲ್ಲಿ ಉಳಿದಿದೆ, ಪ್ರಧಾನರೇ. ಅದನ್ನು ಮಗನಿಗೆ ತಲುಪಿಸಿ. ತಮ್ಮಿಂದಾಗದಿದ್ದರೆ ನನ್ನನ್ನು ಒಳಗೆ ಬಿಡಿ.”

“ಸಾಯಬೇಡಿರೆಂದು ಅರಸರು ಹೇಳಿದರೆಂದು ಯಾರು ಹೇಳುತ್ತಿದ್ದಾರೆ? ಸಾಯದೆ ಉಳಿದವರು.” ಸೋವಣಯ್ಯನು ಮೆಲ್ಲಗೆ ನಕ್ಕನು. “ಯೋಚಿಸಿ ನೋಡಿ, ನಾಯಕರೇ. ಆ ಮಾತನ್ನು ಜನ ನಂಬಬೇಕಾದರೆ ನೀವು ಸತ್ತಿರಬೇಕು. ಸತ್ತಿದ್ದರೆ ಹೇಳಲು ನೀವಿರುವುದಿಲ್ಲ. ಪಡುವಣ ಗಡಿಯಲ್ಲಿ ತಣ್ಣಗಿನ ಊರೊಂದಿದೆ. ನಿಮ್ಮ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ. ಹೋಗಿ ಸುಖವಾಗಿರಿ.”

ಪಲ್ಲಕ್ಕಿ ಮುಂದೆ ಹೋಯಿತು. ಬಮ್ಮೆಯನು ನೇರವಾಗಿ ಪಂಡಿತರ ಮನೆಗೆ ನಡೆದನು. ಪಂಡಿತರು ಬೇರುಗಳನ್ನು ಅರೆಯುತ್ತಿದ್ದರು. ಅವನನ್ನು ಕಂಡು ಇನ್ನೂ ಜೋರಾಗಿ ಅರೆಯತೊಡಗಿದರು.

“ನೀವು ಒಂದು ಸಲ ಬಾಯಿ ಬಿಟ್ಟರೆ ಹನ್ನೆರಡು ಜೀವ ಉಳಿಯುತ್ತದೆ, ಪಂಡಿತರೇ.”

“ನನ್ನ ಮಗಳನ್ನು ಕೊಟ್ಟಿರುವುದು ಪ್ರಧಾನರ ತಂಗಿಯ ಮನೆಗೆ. ಅವಳಿಗೆ ಈಗ ಏಳು ತಿಂಗಳು. ನಾಯಕರೇ, ನಿಮ್ಮೊಬ್ಬರನ್ನು ಉಳಿಸುವಷ್ಟು ಧೈರ್ಯ ನನ್ನಲ್ಲಿತ್ತು. ಅದು ಅಲ್ಲಿಗೇ ಮುಗಿಯಿತು.”

ಬಮ್ಮೆಯನಿಗೆ ಆ ಅರೆಯುವ ಕಲ್ಲನ್ನು ಎತ್ತಿ ಒಗೆಯಬೇಕೆನಿಸಿತು. ಒಗೆಯಲಿಲ್ಲ. ಹೊರಗೆ ನಡೆದನು.

ಪಟ್ಟದ ದಿನ ಅರಮನೆಯ ಅಂಗಳ ಎಲ್ಲರಿಗೂ ತೆರೆದಿತ್ತು. ಅಭಿಷೇಕ ಮುಗಿದು, ಚಂದರಸರು ಒದ್ದೆಗೂದಲಿನಲ್ಲೇ ಬಂದು ಮಣೆಯ ಮೇಲೆ ಕುಳಿತರು. ಅವರ ಮುಂದೆ ಅಗಲವಾದ ಬಾಳೆಲೆ. ಎಲೆಯ ಮೇಲೆ ಹೊಸ ಮಡಕೆಯಲ್ಲಿ ಬೆಂದ ಕೆಂಪಕ್ಕಿಯ ಅನ್ನ, ನಡುವೆ ತುಪ್ಪ. ಒಂದು ಆಳ್ವಿಕೆಗೆ ಆ ಅನ್ನ ಬೇಯುವುದು ಒಂದೇ ಸಲ. ಅರಸನು ಮೊದಲ ತುತ್ತು ಉಂಡ ಮೇಲೆ ಲೆಂಕರಾಗುವವರು ಒಬ್ಬೊಬ್ಬರಾಗಿ ಬಂದು ಕೂರಬೇಕು, ಒಬ್ಬನು ಎಲೆಯ ಮುಂದಿನಿಂದ ಏಳುವವರೆಗೆ ಇನ್ನೊಬ್ಬನು ಕೈ ಇಡುವಂತಿಲ್ಲ, ಉಣ್ಣುವವನನ್ನು ಮಾತಾಡಿಸುವಂತಿಲ್ಲ. ಚಂದರಸರು ಮೊದಲ ತುತ್ತು ಉಂಡರು. ಹನ್ನೆರಡು ಜನ ತರುಣರು ಸಾಲಾಗಿ ನಿಂತಿದ್ದರು. ಕಾಳೆಯನು ಕೊನೆಯವನು, ಕ್ಷೌರ ಮಾಡಿಸಿಕೊಂಡ ಗಲ್ಲ ಹಸುಳೆಯದರ ಹಾಗೆ ಹೊಳೆಯುತ್ತಿತ್ತು.

ಡಂಗುರದವನು ರೂಢಿಯಂತೆ ಕೂಗಿದನು. “ಅರಳುಗುಂದದ ಆಯುಧ ಹಿಡಿದವರಲ್ಲಿ ಅರಸರ ಅನ್ನ ಉಣ್ಣುವವರು ಯಾರಿದ್ದೀರಿ? ಬನ್ನಿ!”

ಅದು ಬರಿಯ ಶಾಸ್ತ್ರದ ಕೂಗು. ಆರಿಸಿದವರ ಹೊರತು ಬೇರೆಯವರು ಅದಕ್ಕೆ ಓಗೊಟ್ಟದ್ದೇ ಇರಲಿಲ್ಲ.

“ನಾನಿದ್ದೇನೆ,” ಎಂದು ಬಮ್ಮೆಯನು ಜನರ ನಡುವಿನಿಂದ ಹೊರಬಂದನು.

ಅಂಗಳದಲ್ಲಿ ನಗೆ ಎದ್ದಿತು. “ಇವನು ನೂರು ಅರಸರನ್ನು ಕಳಿಸಿಕೊಟ್ಟು ತಾನು ಉಳಿಯುತ್ತಾನೆ, ಉಣ್ಣಲಿ ಬಿಡಿ!” ಎಂದು ಯಾರೋ ಕೂಗಿದರು. ಸೋವಣಯ್ಯನು ಮುಂದೆ ಬಂದನು. “ಪ್ರಭು, ಈತನು ನುಡಿ ಮುರಿದವನು. ಎಲೆಯ ಹತ್ತಿರ ಬಿಡತಕ್ಕವನಲ್ಲ.”

ಚಂದರಸರು ಬಮ್ಮೆಯನನ್ನೇ ನೋಡಿದರು. ಚಿಕ್ಕಂದಿನಲ್ಲಿ ಅವರಿಗೆ ಕುದುರೆ ಹತ್ತಿಸಿದವನು ಅವನು. “ಕರೆ ಎಲ್ಲರಿಗೂ ಅಲ್ಲವೇ, ಪ್ರಧಾನರೇ?” ಎಂದರು. “ಸಾವಿಗೆ ಹೆದರಿದವರು ಈ ಎಲೆಯ ಮುಂದೆ ಏಕೆ ಕೂರುತ್ತಾರೆ? ಬರಲಿ. ಹಿರಿಯನಾದುದರಿಂದ ಮೊದಲು ಅವನೇ ಕೂರಲಿ.”

ಬಮ್ಮೆಯನು ಕುಳಿತು ನುಡಿ ಹೇಳಿ ಒಂದು ತುತ್ತು ಉಂಡನು. ಅವನು ಬಂದದ್ದು ಅಷ್ಟಕ್ಕೇ. ಈ ತುತ್ತಿನಿಂದ ಅವನು ಮತ್ತೆ ಲೆಂಕ. ಈಗ ಎದ್ದು ಅರಸರ ಕಿವಿಗೆ ಬಗ್ಗಿದರೆ ತಡೆಯುವವರಿಲ್ಲ. ಏಳಬೇಕೆಂದು ತಲೆಯೆತ್ತಿದಾಗ ತರುಣರ ಸಾಲು ಕಾಣಿಸಿತು. ಅರಸರು ಕೇಳಬಹುದು, ನಂಬಲೂಬಹುದು. ಆಮೇಲೆ ವಿಚಾರಣೆ, ಸಾಕ್ಷಿ, ನಾಳೆ, ನಾಡಿದ್ದು. ಅಷ್ಟರಲ್ಲಿ ಈ ಹನ್ನೆರಡೂ ಬಾಯಿಗಳು ನುಡಿ ಕೊಟ್ಟಾಗಿರುತ್ತವೆ. ಒಮ್ಮೆ ಹೊರಗೆ ಬಂದ ಆ ನುಡಿಯನ್ನು ಅರಸನ ಅಪ್ಪಣೆಯೂ ಹಿಂದಕ್ಕೆ ತರಲಿಲ್ಲವೆಂಬುದಕ್ಕೆ ಕೋಟೆಯ ಹೊರಗೆ ಆರು ಗುಡ್ಡೆಗಳಿದ್ದವು.

ಅವನು ಏಳಲಿಲ್ಲ. ಇನ್ನೊಂದು ತುತ್ತು ಕಲಸಿದನು.

ಮೂರನೆಯದಕ್ಕೆ ಜನ ನಕ್ಕರು. ಐದನೆಯದಕ್ಕೆ “ಪಾಪ, ಮೂರು ತಿಂಗಳಿನಿಂದ ಯಾರೂ ಎಲೆ ಹಾಕಿರಲಿಲ್ಲ” ಎಂದರು. ಹತ್ತರ ಹೊತ್ತಿಗೆ ನಗೆ ಅಲ್ಲಲ್ಲಿ ನಿಂತಿತು. ಬಮ್ಮೆಯನು ಯಾರ ಕಡೆಗೂ ನೋಡದೆ, ನೇಗಿಲ ಸಾಲು ಮುಗಿಸುವವನ ಹಾಗೆ, ಎಲೆಯ ಒಂದು ಅಂಚಿನಿಂದ ಉಣ್ಣುತ್ತ ಬರುತ್ತಿದ್ದನು. ಇಬ್ಬರಿಗಾಗುವಷ್ಟು ಅನ್ನ. ತುಪ್ಪ ಗಂಟಲಿಗೆ ಅಡರಿತು. ಹಣೆಯ ಬೆವರು ಎಲೆಯ ಮೇಲೆ ಬಿದ್ದಿತು. ಕಣ್ಣಲ್ಲಿ ನೀರು ಬಂದರೂ ಕೈ ನಿಲ್ಲಲಿಲ್ಲ.

“ಸಾಕು, ಏಳು!” ಎಂದು ಸೋವಣಯ್ಯನು ಕೂಗಿದನು. ಅವನ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ಅರಳುಗುಂದ ಕೇಳಿರಲಿಲ್ಲ.

“ಉಣ್ಣುವವರನ್ನು ಮಾತಾಡಿಸಬಾರದು, ಪ್ರಧಾನರೇ,” ಎಂದರು ಚಂದರಸರು. ಅವರ ಕಣ್ಣು ಈಗ ಎಲೆಯ ಮೇಲಿರಲಿಲ್ಲ. ಪ್ರಧಾನನ ಮುಖದ ಮೇಲಿತ್ತು.

ಕೊನೆಯ ಅಗುಳನ್ನೂ ಬಳಿದು ಬಾಯಿಗಿಟ್ಟು ಬಮ್ಮೆಯನು ಎಲೆ ಮಡಿಸಿದನು. ಆ ಅನ್ನ ಇನ್ನೊಮ್ಮೆ ಬೇಯುವಂತಿರಲಿಲ್ಲ. ಏನಾಯಿತೆಂದು ಆಗ ಎಲ್ಲರಿಗೂ ಹೊಳೆಯಿತು: ಈ ಅರಸರೊಂದಿಗೆ ಸಾಯುವ ಹೊಣೆ ಹೊತ್ತವನು ಇನ್ನು ಇಡೀ ನಾಡಿನಲ್ಲಿ ಒಬ್ಬನೇ. ಹೇಡಿಯೆಂದು ಮೂರು ತಿಂಗಳು ಬೈಸಿಕೊಂಡವನು.

ಅವನು ಕಷ್ಟಪಟ್ಟು ಎದ್ದು, ಅರಸರ ಕಿವಿಗೆ ಬಗ್ಗಿ, ನಾಲ್ಕು ಮಾತು ಹೇಳಿದನು.

ಚಂದರಸರು ಅಂಗಳದ ಉದ್ದಕ್ಕೂ ಕಣ್ಣಾಡಿಸಿದರು. “ಅಪ್ಪನವರ ಹಾಸಿಗೆಯ ಬಳಿ ಪ್ರಧಾನರಲ್ಲದೆ ಯಾರಿದ್ದಿರಿ?” ಎಂದು ಕೇಳಿದರು.

ಅಗ್ಗಳ ಪಂಡಿತರು ವೈದ್ಯರ ಸಾಲಿನಿಂದ ಎದ್ದರು. “ನಾನಿದ್ದೆ, ಪ್ರಭು. ಈತನು ಹೇಳಿದ್ದು ದಿಟ. ನಾನು ಹೇಳಬೇಕಾಗಿತ್ತು. ಈತನು ಅಷ್ಟು ಅನ್ನ ಉಣ್ಣುವುದನ್ನು ನೋಡುತ್ತ ಕೂರಲು ನನ್ನಿಂದಾಗಲಿಲ್ಲ.”

ಸೋವಣಯ್ಯನು ಆ ಹೊತ್ತಿಗೆ ತನ್ನ ದನಿಯನ್ನು ಹಿಡಿತಕ್ಕೆ ತಂದುಕೊಂಡಿದ್ದನು. “ಜ್ವರದಲ್ಲಿ ಆಡಿದ ಮಾತು, ಪ್ರಭು. ತಲೆತಲಾಂತರದ ಪದ್ಧತಿಯನ್ನು ಅದಕ್ಕಾಗಿ ಮುರಿಯುವ ಅಧಿಕಾರ ನನಗಿರಲಿಲ್ಲ.”

“ತಲುಪಿಸುವ ಅಧಿಕಾರವಿತ್ತಲ್ಲ,” ಎಂದರು ಚಂದರಸರು. “ಪ್ರಧಾನಪದದ ಮುದ್ರೆಯನ್ನು ಅಲ್ಲಿಡಿ.”

ಪ್ರಧಾನನ ಮನೆಯಲ್ಲಿ ಕಣಿವೆಯನ್ನು ಬಿಟ್ಟುಕೊಡುವ ಓಲೆಗಳು ಸಿಕ್ಕಿದ್ದು ಅದೇ ಮಧ್ಯಾಹ್ನ. ಅದಕ್ಕೂ ಮೊದಲು, ಕಾವಲಿನವರು ಅವನನ್ನು ಅಂಗಳದಿಂದ ಕರೆದೊಯ್ದ ಕೂಡಲೇ ಅರಸರು ಬಮ್ಮೆಯನ ಕಡೆಗೆ ತಿರುಗಿದರು.

“ಅಪ್ಪನವರ ಮಾತೇ ನನ್ನದೂ, ನಾಯಕರೇ. ನನ್ನ ಹಿಂದೆ ನೀವೂ ಬರಬೇಡಿ.”

“ಹಾಗಾದರೆ ಕಲ್ಲಿನಲ್ಲಿ ಬರೆಸಿ, ಪ್ರಭು. ಬಾಯಿಮಾತು ತಲುಪುವುದಿಲ್ಲ.” ಅವನು ಹೊಟ್ಟೆ ಹಿಡಿದುಕೊಂಡು ಉಸಿರೆಳೆದನು. “ಬರೆಸುವವರೆಗೆ ನನ್ನ ನುಡಿ ನನ್ನದು. ನನ್ನ ವಯಸ್ಸಿಗೆ ಮುಂದೆ ಹೋಗುವವನು ನಾನೇ. ಅದರ ಚಿಂತೆ ಬೇಡ.”

ಹೊರಗೆ ಬಂದವನು ಮೆಟ್ಟಿಲ ಪಕ್ಕದ ಕಂಬಕ್ಕೆ ಒರಗಿದನು. ನಡೆಯಲಾಗುತ್ತಿರಲಿಲ್ಲ. ಜಯಕಾರ ಹಾಕುವವರು ಹಾಕುತ್ತಿದ್ದರು. ಅದು ಅವನ ಕಿವಿಗೆ ದೂರದಿಂದ ಬಂದ ಹಾಗಿತ್ತು. ಕೆಂಪಾದ ಕಣ್ಣುಗಳ ಕಾಳೆಯನು ಜನರನ್ನು ತಳ್ಳಿಕೊಂಡು ಬಂದು ಎದುರು ನಿಂತನು.

“ಇವತ್ತು ನನ್ನ ದಿನವಾಗಿತ್ತು,” ಎಂದನು. “ಅಣ್ಣನ ಹೆಸರು ಉಳಿಸಬೇಕೆಂದಿದ್ದೆ. ಅದನ್ನೂ ತಿಂದುಬಿಟ್ಟೆಯಲ್ಲ! ಹೊಟ್ಟೆಬಾಕ! ನಿನ್ನನ್ನು ನಾನು ಎಂದಿಗೂ ಕ್ಷಮಿಸುವುದಿಲ್ಲ. ಸಾಯುವವರೆಗೂ ಬೈಯುತ್ತೇನೆ.”

ಬಮ್ಮೆಯನು ಆ ನುಣ್ಣನೆಯ ಗಲ್ಲವನ್ನು, ಸಿಟ್ಟಿಗೆ ಉಬ್ಬಿ ಇಳಿಯುತ್ತಿದ್ದ ಎದೆಯನ್ನು ನೋಡಿದನು. ಹೊಟ್ಟೆ ನೋಯುತ್ತಿದ್ದರೂ ಅವನಿಗೆ ನಗು ಬಂದಿತು.

“ಬೈಯಪ್ಪ,” ಎಂದನು. “ಐವತ್ತು ವರ್ಷ ಬೈ.”