ಎಡಗಡೆಯ ಸೀಟು

"ಏಯ್, ಮುಟ್ಟಬ್ಯಾಡ್ರೀ! ಬಣ್ಣ ಹಸಿ ಐತಿ!"

ದೇವಿಕಾ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಅಳತೆಯ ಟೇಪು ಜಾರಿ ನೆಲಕ್ಕೆ ಬಿತ್ತು. ಕೆಂಪು ಕಾರಿನ ಆಚೆಯಿಂದ, ಮೂಗಿಗೂ ಕೆಂಪು ಬಣ್ಣ ಮೆತ್ತಿಕೊಂಡ ಯುವಕನೊಬ್ಬ ಎದ್ದು ನಿಂತ.

"ಸೀಟು... ಸೀಟಿನ ಅಳತಿ ತಗೊಳ್ಳಾಕ ಬಂದೀನ್ರಿ. ಇಸ್ಮಾಯಿಲಸಾಬರು ಕಳಿಸ್ಯಾರ."

"ನೀವಾ?! ನಾ ಯಾರೋ ದಾಡಿ ಮುದುಕರು ಬರ್ತಾರ ಅಂತ ತಿಳಿದಿದ್ದೆ!" ಅವನು ನಕ್ಕ.

ಅವಳು ನಗಲಿಲ್ಲ. ಆದರೆ ಆ ನಗು ಅವಳ ಹಿಂದೆಯೇ ಮನೆಗೆ ಬಂತು...

ಏಳನೇ ತರಗತಿಗೆ ಶಾಲೆ ಬಿಟ್ಟ ದೇವಿಕಾ, ಗಜೇಂದ್ರಗಡದ ಇಸ್ಮಾಯಿಲಸಾಬರ ಕುಶನ್ ಅಂಗಡಿಯಲ್ಲಿ ಗಾಡಿಗಳ ಸೀಟು ಹೊಲಿಯುತ್ತಿದ್ದಳು. ಮನೆಯಲ್ಲಿ ಅವ್ವ ಇಲ್ಲ. ಅಪ್ಪನ ಮಾತೆಂದರೆ 'ಊಟಕ್ಕ ನೀಡು' ಅಷ್ಟೇ.

ಶೆಡ್ಡಿನ ಆ ಯುವಕ, ಕನಕರಾಜ, ಮೆಕ್ಯಾನಿಕ್. ನರಗುಂದದ ಕಾಳಿನ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಇಲಿಗಳ ಪಾಲಾಗಿದ್ದ ಅಮೆರಿಕದ ಹಳೆಯ ಮಸ್ಟಾಂಗ್ ಕಾರನ್ನು ತಂದು, ಮಾರಲೆಂದು ರೋಣ ರಸ್ತೆಯ ಬಾಡಿಗೆ ಶೆಡ್ಡಿನಲ್ಲಿ ಒಂದೊಂದೇ ಭಾಗ ಜೋಡಿಸಿದ್ದ. ಉದ್ದ ಮೂಗಿನ, ಗುಡುಗಿನಂತೆ ಮೊರೆಯುವ ಕಾರು!

ಅಳತೆ, ರೆಕ್ಸಿನ್, ದಾರ ಎಂದು ಅವಳು ಮತ್ತೆ ಮತ್ತೆ ಅಲ್ಲಿಗೆ ಹೋಗಬೇಕಾಯಿತು.

"ಕರೇ ರೆಕ್ಸಿನ್ ಚಲೋನೋ, ಕಂದು ಚಲೋನೋ? ನೀವ ಹೇಳ್ರಿ," ಎಂದ ಒಮ್ಮೆ.

ನನ್ನನ್ನು ಕೇಳುತ್ತಿದ್ದಾನಾ?... ಯಾರೂ ಅವಳನ್ನು ಹಾಗೆ ಏನನ್ನೂ ಕೇಳಿರಲಿಲ್ಲ.

"ಕರೇದು," ಎಂದಳು. ಆಮೇಲೆ ಮೆಲ್ಲಗೆ, "ಕಾರು ಮಾರಿದ ಮ್ಯಾಲೆ?"

"ಹುಬ್ಬಳ್ಳಿಗೆ ಹೋಗಿ ಸ್ವಂತ ಗ್ಯಾರೇಜ್ ಹಾಕ್ತೀನಿ. ಇಲ್ಲಿ ನನಗ ಯಾರದಾರ್ರಿ?"

ಅಂದು ಮನೆಯ ದಾರಿ ಎಂದಿಗಿಂತ ಉದ್ದವಾಗಿತ್ತು.

ಸೀಟು ಕೂರಿಸಿದ ಮೇಲೆ ಕೊಲ್ಹಾಪುರದಿಂದ ಗಿರಾಕಿ ಬಂದ. ಎಡಗಡೆ, ಸ್ಟೇರಿಂಗಿನ ಮುಂದೆ ಕುಳಿತ. ಕುಳಿತವನು ಕುಸಿದೇ ಹೋದ!

"ರಸ್ತಾನ ಕಾಣವಲ್ದು! ಇದು ಸೀಟೋ, ಗಾದಿಯೋ?"

ದೇವಿಕಾ ಬಗ್ಗಿ ಎರಡೂ ಸೀಟು ಒತ್ತಿ ನೋಡಿದಳು. ಚಾಲಕನ ಸೀಟಿಗೆ ಗಟ್ಟಿ ಫೋಮು, ಪಕ್ಕದ್ದಕ್ಕೆ ಮೆತ್ತನೆಯದು... ಇದು ಅಂಗಡಿಯ ಪದ್ಧತಿ. ನಮ್ಮ ಗಾಡಿಗಳಲ್ಲಿ ಚಾಲಕ ಬಲಕ್ಕೆ. ಈ ಕಾರಿನಲ್ಲಿ ಎಡಕ್ಕೆ! ಕಣ್ಣು ಕಂಡಿತ್ತು, ಕೈ ಮಾತ್ರ ರೂಢಿಯಂತೆ ಬಲದ ಸೀಟಿಗೇ ಗಟ್ಟಿ ಫೋಮು ತುಂಬಿತ್ತು.

"ಸರಿ ಮಾಡಿ ಇಡ್ರಿ, ಮುಂದಿನ ವಾರ ನೋಡೂಣು," ಎಂದು ಗಿರಾಕಿ ಹೊರಟುಹೋದ.

ಕನಕರಾಜ ಅವಳತ್ತ ತಿರುಗಿದ. "ದಿನಾ ಈ ಕಾರು ನೋಡಿದಾಕಿ ನೀವು... ಬೇಕಂತ ಮಾಡಿದ್ರೇನು?"

ಇಲ್ಲ ಎನ್ನಬೇಕಿತ್ತು. ಆದರೆ ಗಿರಾಕಿ ಹೋದೊಡನೆ ತನ್ನೊಳಗೆ ಏನೋ ಹಗುರಾಗಿತ್ತಲ್ಲ... ಮಾತು ಹೊರಡದೆ ಓಡಿಬಂದಳು. ಅವನು ಅದನ್ನೇ 'ಹೌದು' ಎಂಬ ಉತ್ತರವೆಂದು ತಿಳಿದ.

ಮರುದಿನ ಸೀಟುಗಳು ಅಂಗಡಿಗೆ ಬಂದವು, ಅವನು ಬರಲಿಲ್ಲ. ಇದನ್ನು ಸರಿ ಮಾಡಿದರೆ ಅವನು ಹೋಗಿಬಿಡುತ್ತಾನೆ... ಗೊತ್ತಿದ್ದೂ ಹೊಲಿಗೆ ಬಿಚ್ಚಿದಳು. ಒಂದು ಸುಕ್ಕೂ ಇಲ್ಲದಂತೆ ಮತ್ತೆ ಹೊಲಿದಳು.

"ಅಳಕೋತ ಹೊಲೀಬ್ಯಾಡವ್ವಾ, ಸೂಜಿ ತುಕ್ಕು ಹಿಡೀತೈತಿ," ಎಂದರು ಇಸ್ಮಾಯಿಲಸಾಬರು.

ಕಾರು ಮಾರಾಟವಾಯಿತು.

ಸುದ್ದಿ ಕೇಳಿ ದೇವಿಕಾ ಬರುವಷ್ಟರಲ್ಲಿ ಅದನ್ನು ಲಾರಿಗೆ ಏರಿಸಿ ಹಗ್ಗ ಬಿಗಿಯುತ್ತಿದ್ದರು. ಬರಿದಾದ ಶೆಡ್ಡಿನಲ್ಲಿ ಕನಕರಾಜ ಒಬ್ಬನೇ ಕುಳಿತಿದ್ದ. ಇಷ್ಟು ದಿನ ಬೇಡಿದ್ದು ಸಿಕ್ಕವನ ಮುಖದಂತಿರಲಿಲ್ಲ ಅವನ ಮುಖ.

"ಬೇಕಂತ ಮಾಡಿಲ್ರಿ," ಎಂದಳು ಬಾಗಿಲಲ್ಲೇ ನಿಂತು. "ಕೈ ತಪ್ಪಿತು."

"ಗೊತ್ತು. ಒಂದು ಸುಕ್ಕಿಲ್ಲದಂಗ ಹೊಳ್ಳಿ ಹೊಲಿದ್ರಲ್ಲ, ಆವಾಗ ತಿಳೀತು. ಹಂಗ ಕೇಳಬಾರದಿತ್ತು ನಾನು."

"ಆದ್ರ..."

"ಆದ್ರ?"

"ಅವ್ರು ಹೊಳ್ಳಿ ಹೋದಾಗ ನನಗ ಖುಷಿ ಆತ್ರಿ. ಅದೂ ಖರೇ. ಕಾರು ಹೋದ್ರ ನೀವೂ ಹೋಗ್ತೀರಲ್ಲ..."

ಅವನು ನಿಧಾನವಾಗಿ ಎದ್ದು ನಿಂತ.

"ಇಲ್ಲೇ ಇರು ಅನ್ನವರು ಯಾರೂ ಇಲ್ಲಂತ ಹೊಂಟಿದ್ದೆ, ದೇವಿಕಾ."

"ಇರ್ರಿ..." ತುಟಿಯಷ್ಟೇ ಅಲುಗಿತು.

"ಇಷ್ಟು ಮೆತ್ತಗ ಅಂದ್ರ ಹುಬ್ಬಳ್ಳಿ ಬಸ್ಸು ನಿಲ್ಲಂಗಿಲ್ಲ."

"ಇಲ್ಲೇ ಇರ್ರೀ!"

ಹಗ್ಗ ಬಿಗಿಯುತ್ತಿದ್ದ ಲಾರಿಯವನು ತಿರುಗಿ ನೋಡಿದ. ದೇವಿಕಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಇರ್ತೀನಿ," ಎಂದ ಕನಕರಾಜ. "ನಾಳೆ ನಿಮ್ಮಪ್ಪಾರನ್ನ ಮಾತಾಡ್ಸಾಕ ಬರ್ಲ್ಯಾ?"

ಬೆರಳ ಸಂದಿನಿಂದ ಅವಳು ಅವನನ್ನು ನೋಡಿದಳು.

"ಸಂಜಿಮುಂದ ಬರ್ರಿ... ಮುಂಜಾನೆ ಹೊಲಕ್ಕ ಹೋಗಿರ್ತಾರ."