ಎರಡನೆಯ ನೀರು

"ನಗಬೇಡಿ. ನಾನು ಬಂದಿರೋದು ಅಡುಗೆ ಕಲಿಯೋಕೆ."

ಬಾಗಿಲಲ್ಲಿ ನಿಂತ ಗಂಡಸಿನ ಈ ಮಾತಿಗೆ ಒಳಗಿದ್ದ ಹೆಂಗಸರೆಲ್ಲ ಇನ್ನೂ ಜೋರಾಗಿ ನಕ್ಕರು. ನಗದೆ ಕೂತಿದ್ದವಳು ಹೆಲ್ಕಾ ಒಬ್ಬಳೇ. ಅವಳು ಅವನ ಕೈಯಲ್ಲಿದ್ದ ತಟ್ಟೆಯನ್ನು ನೋಡುತ್ತಿದ್ದಳು. ಅದರಲ್ಲಿದ್ದದ್ದು ರೊಟ್ಟಿಯೋ ಇದ್ದಿಲೋ, ದೇವರೇ ಬಲ್ಲ.

"ಇದನ್ನ ತಿನ್ನೋಕೆ ತಂದ್ರಾ, ಒಲೆಗೆ ಹಾಕೋಕಾ?" ಎಂದು ಕೇಳಿದಳು.

"ನಿಮ್ಮ ಹಲ್ಲು ಗಟ್ಟಿ ಇದ್ರೆ ತಿನ್ನೋಕೆ."

ಈಗ ಅವಳಿಗೂ ನಗು ಬಂತು. ಅವನ ಕಣ್ಣು ಅವಳ ಮುಖದ ಮೇಲೆ ಒಂದು ಗಳಿಗೆ ಹೆಚ್ಚಾಗಿಯೇ ನಿಂತಿತು. ಮೂವತ್ತೆಂಟು ತುಂಬಿದ ಹೆಲ್ಕಾಳ ಕಿವಿ ಶಾಲೆಯ ಹುಡುಗಿಯದರಂತೆ ಕೆಂಪಾಯಿತು. ಇದೇನಿದು ನನಗೆ... ಎಂದುಕೊಂಡು ಕಾಫಿ ಬಟ್ಟಲೊಳಗೆ ಮುಖ ಹುದುಗಿಸಿದಳು.

ಅವನ ಹೆಸರು ಓಸ್ಮೊ. ಹುಟ್ಟಿ ಬೆಳೆದದ್ದು ಸ್ವೀಡನ್ನಿನಲ್ಲಿ, ಅಲ್ಲಿ ಬಸ್ಸು ಓಡಿಸುತ್ತಿದ್ದ. ಅಪ್ಪ ತೌನೊಗೆ ಮರೆವಿನ ಕಾಯಿಲೆ ಹತ್ತಿ, ಊರಿಗೆ ಹೋಗೋಣ, ಊರಿಗೆ ಹೋಗೋಣ ಎಂದು ಹಗಲೂ ರಾತ್ರಿ ಕನವರಿಸತೊಡಗಿದಾಗ, ಅವನನ್ನು ಕರೆದುಕೊಂಡು ಪೂರ್ವ ಫಿನ್‌ಲೆಂಡಿನ ಈ ಸರೋವರದ ಹಳ್ಳಿಗೆ ಬಂದಿದ್ದ. ಮಾತು ಇಲ್ಲಿಯದೇ ಬರುತ್ತಿತ್ತು. ಇಲ್ಲಿಯ ಪದ್ಧತಿ ಮಾತ್ರ ಒಂದೂ ಗೊತ್ತಿರಲಿಲ್ಲ.

ಹೆಂಗಸರು ಕೂಡಿ ನಡೆಸುತ್ತಿದ್ದ ಆ ಹಳ್ಳಿಯ ಅಡುಗೆ ಸಂಜೆಗೆ ಒಂದು ಕಟ್ಟಳೆ ಇತ್ತು. ಯಾರೇ ಆಗಲಿ, ಎದ್ದು ನಿಂತು ಒಂದು ಸುಲಭದ ಅಡುಗೆ ಹೇಳಬೇಕು. ಕೈಯಲ್ಲಿನ ಕಾಫಿ ತಣ್ಣಗಾಗುವುದರೊಳಗೆ ಮುಗಿಸಬೇಕು. ಹೆಚ್ಚು ಎಳೆದವರನ್ನು ಹೆಂಗಸರು ಚಮಚದಿಂದ ಬಟ್ಟಲು ಬಡಿದು ಕೂರಿಸುತ್ತಿದ್ದರು.

"ಅಪ್ಪನಿಗೆ ಕಿವಿಯಣಬೆ ಗೊಜ್ಜು ಬೇಕಂತೆ. ಅವರ ಅಮ್ಮ ಮಾಡ್ತಿದ್ದದ್ದು," ಎಂದ ಓಸ್ಮೊ. "ಬೇರೆ ಏನು ಕೊಟ್ರೂ ತಟ್ಟೆ ತಳ್ಳಿಬಿಡ್ತಾರೆ."

ಹೆಲ್ಕಾ ಎದ್ದು ನಿಂತಳು. "ಅದೇನು ಮಹಾ! ಅಣಬೆ ಬೇಯಿಸಿಕೊಳ್ಳಿ. ಈರುಳ್ಳಿಯನ್ನ ಬೆಣ್ಣೇಲಿ ಬಾಡಿಸಿ. ಅಣಬೆ ಹೆಚ್ಚಿ ಹಾಕಿ, ಒಂದು ಚಮಚ ಹಿಟ್ಟು, ಆಮೇಲೆ ಕೆನೆ. ಉಪ್ಪು, ಮೆಣಸು. ಮುಗೀತು. ಬಸ್ಸಿನ ಡ್ರೈವರ್ ಕೂಡ ಮಾಡಬಹುದು."

ಮರುದಿನ ಕಾಡಿನಿಂದ ತಾನೇ ಆರಿಸಿ ತಂದ ಅಣಬೆಯನ್ನು ಬುಟ್ಟಿ ತುಂಬ ಅವನಿಗೆ ಕೊಟ್ಟಳು. ಅವನು ಹಣ ತೆಗೆದಾಗ ಅವನ ಕೈಯನ್ನು ಹಿಂದಕ್ಕೆ ತಳ್ಳಿದಳು. ಆ ಕೈ ಬೆಚ್ಚಗಿತ್ತು.

ಅಲ್ಲೇ ಎಡವಟ್ಟಾಯಿತು. ಆ ನಾಡಿನ ಸಂತೆಯಲ್ಲಿ ಕಿವಿಯಣಬೆ ಮಾರುವವರು ಜೊತೆಗೆ ಒಂದು ಎಚ್ಚರಿಕೆಯ ಚೀಟಿಯನ್ನೂ ಕೊಡಲೇಬೇಕು. ಅದು ವಿಷದ ಅಣಬೆ. ಎರಡು ಸಲ ಕುದಿಸಿ, ಎರಡು ಸಲವೂ ನೀರು ಚೆಲ್ಲಿದ ಮೇಲೆಯೇ ಬಾಯಿಗೆ ಹೋಗಬೇಕು. ಮಾರಿದವಳಾಗಿದ್ದರೆ ಹೆಲ್ಕಾ ಚೀಟಿ ಕೊಡುತ್ತಿದ್ದಳು. ಮನಸ್ಸು ಮೆಚ್ಚಿ ಕೊಟ್ಟದ್ದಕ್ಕೆ ಯಾರು ಚೀಟಿ ಇಡುತ್ತಾರೆ?

ವಾರ ಕಳೆಯುವುದರೊಳಗೆ ಸುದ್ದಿ ಬಂತು. ಅಂಚೆ ಹಂಚುವುದು ಹೆಲ್ಕಾಳ ಕೆಲಸ. ಕಾಗದ ವಿಂಗಡಿಸುತ್ತಿದ್ದವಳ ಎದುರಿಗೆ ಅಡುಗೆ ಸಂಜೆಯ ಹಿರಿಯಳಾದ ಹಿಲ್ಯಾ ಟೋಪಿ ತೆಗೆದು ನಿಂತಳು.

"ತೌನೊ ಹೋದ, ಮಗಳೇ. ಲಿವರ್ ಕೆಟ್ಟು ಹೋಯ್ತಂತೆ. ಮಗನೂ ಆಸ್ಪತ್ರೇಲಿದ್ದಾನೆ, ಅವನು ಕಡಿಮೆ ತಿಂದಿದ್ದ, ಉಳ್ಕೊಂಡ. ಬೇಯಿಸಿದ ನೀರನ್ನ ಚೆಲ್ಲದೆ ಗೊಜ್ಜಿಗೇ ಹಾಕಿದನಂತೆ. ಸಾರ ಹೋಗಬಾರದು ಅಂತ."

ಹೆಲ್ಕಾ ಕೈಯಲ್ಲಿದ್ದ ಕಾಗದಗಳನ್ನು ಕೆಳಗಿಟ್ಟಳು. "ನಾನು ಹೇಳಲಿಲ್ಲ..."

"ಏನನ್ನ?"

"ನೀರು ಚೆಲ್ಲಬೇಕು ಅಂತ."

"ಅದನ್ನೂ ಬಾಯಿ ಬಿಟ್ಟು ಹೇಳ್ತಾರೇನೇ? ಎಲ್ಲರಿಗೂ ಗೊತ್ತಿರೋದೇ."

"ಅವರಿಗೆ ಗೊತ್ತಿರಲಿಲ್ಲ ಹಿಲ್ಯಾ."

ಆಡಿದ ಮಾತಾದರೆ ಕಾಲಿಗೆ ಬಿದ್ದು ಹಿಂದಕ್ಕೆ ತೆಗೆದುಕೊಳ್ಳಬಹುದು. ಆಡದೆ ಬಿಟ್ಟ ಮಾತಿಗೆ ಏನು ಮಾಡುವುದು? ಊರಿನವರು ಯಾರೂ ಅವಳನ್ನು ದೂರಲಿಲ್ಲ. ದೂರಿದ್ದರೆ ವಾಸಿಯಿತ್ತು. ಒಬ್ಬೊಬ್ಬರೂ ಬಂದು "ನಿನ್ನ ತಪ್ಪೇನಿಲ್ಲ ಬಿಡು" ಎಂದಾಗಲೆಲ್ಲ ಅವಳು ಕಾಗದದ ಕಟ್ಟು ಎತ್ತಿಕೊಂಡು ಅಲ್ಲಿಂದ ಎದ್ದು ಹೋಗುತ್ತಿದ್ದಳು.

ಮಣ್ಣು ಮಾಡುವ ದಿನ ಹೂವು ಹಿಡಿದುಕೊಂಡು ಚರ್ಚಿನ ಗೇಟಿನವರೆಗೆ ಹೋದಳು. ಗುಂಡಿಯ ಪಕ್ಕದಲ್ಲಿ ಓಸ್ಮೊ ನಿಂತಿದ್ದ, ಅಪ್ಪನ ಕೋಟು ಹಾಕಿಕೊಂಡು, ಅರ್ಧಕ್ಕರ್ಧ ಇಳಿದುಹೋಗಿದ್ದ. ಅವನು ತಲೆಯೆತ್ತಿದ. ಹೆಲ್ಕಾ ಗೇಟಿನಲ್ಲೇ ನಿಂತಳು. ಯಾವ ಮುಖ ಹೊತ್ತು ಹೋಗಲಿ... ಹೂವನ್ನು ಗೇಟಿನ ಮೇಲಿಟ್ಟು ತಿರುಗಿ ನಡೆದುಬಿಟ್ಟಳು. ಅವನು ಕಂಡದ್ದು ಅವಳ ಬೆನ್ನು ಮಾತ್ರ.

ಬೇಸಿಗೆ ಹೋಯಿತು, ಸರೋವರ ಹೆಪ್ಪುಗಟ್ಟಿತು. ದಿನವೂ ಅವನ ಮನೆಯ ದಾರಿಯಲ್ಲಿದ್ದ ಅಂಚೆ ಡಬ್ಬಿಗೆ ಕಾರಿನ ಕಿಟಕಿಯಿಂದಲೇ ಕಾಗದ ಹಾಕಿ ಹೋಗುವಳು, ಇಳಿಯುತ್ತಿರಲಿಲ್ಲ. ಮನೆಯ ಕಿಟಕಿಯಲ್ಲಿ ಅವನು ನಿಂತಿರುತ್ತಿದ್ದ. ನನ್ನನ್ನು ಶಪಿಸುತ್ತಿದ್ದಾನೆ ಎಂದು ಅವಳು ತಿಳಿದಳು. ಚಳಿಗಾಲವೆಲ್ಲ ಆ ಮನೆಯ ಅಡುಗೆ ಒಲೆಯ ಹೊಗೆಗೂಡಿನಲ್ಲಿ ಹೊಗೆಯೇ ಕಾಣಲಿಲ್ಲ. ಇತ್ತ ಹೆಲ್ಕಾಳೂ ಅಡುಗೆ ಸಂಜೆಗೆ ಹೋದರೆ ಮೂಲೆಯಲ್ಲಿ ಕೂತು ಪಾತ್ರೆ ತೊಳೆದು ಬರುತ್ತಿದ್ದಳು. ವರ್ಷವಿಡೀ ಒಂದು ಅಡುಗೆಯನ್ನೂ ಹೇಳಲಿಲ್ಲ.

ಮತ್ತೆ ಮೇ ತಿಂಗಳು ಬಂತು. ಕಾಡಿನ ಮರಳು ನೆಲದಲ್ಲಿ ಕಿವಿಯಣಬೆ ಎದ್ದಿತು.

ಆ ಸಂಜೆ ಶಾಲೆಗೆ ಹೊಸದಾಗಿ ಬಂದಿದ್ದ ದೂರದೂರಿನ ಟೀಚರ್ ಎದ್ದು ಕೇಳಿದಳು: "ಪಕ್ಕದ ಮನೆಯವರು ಅಣಬೆ ಕೊಟ್ಟಿದ್ದಾರೆ. ಹೇಗೆ ಮಾಡೋದು?"

"ಅಯ್ಯೋ, ಸುಲಭ," ಎಂದು ಹಿಲ್ಯಾ ಶುರುಮಾಡಿದಳು. "ಬೇಯಿಸಿಕೋ, ಈರುಳ್ಳಿ ಬಾಡಿಸು, ಕೆನೆ ಹಾಕು..."

ಮೂಲೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು.

"ನಿಲ್ಲಿಸಿ." ಹೆಲ್ಕಾಳ ಕೈಯಿಂದ ನೊರೆ ಸೋರುತ್ತಿತ್ತು. "ಮೊದಲಿಂದ ಹೇಳಿ. ಇಲ್ಲ, ನಾನೇ ಹೇಳ್ತೀನಿ. ಕಿಟಕಿ ತೆಗೆದಿಡಿ, ಆವಿ ಕೂಡ ವಿಷ. ಅಣಬೆಯ ಮೂರು ಪಟ್ಟು ನೀರು ಹಾಕಿ. ಐದು ನಿಮಿಷಕ್ಕೆ ಕಡಿಮೆ ಇಲ್ಲದಂಗೆ ಕುದಿಸಿ. ಆ ನೀರನ್ನ ಚೆಲ್ಲಿ. ಅಣಬೆ ತೊಳೀರಿ. ಮತ್ತೆ ಹೊಸ ನೀರು, ಮತ್ತೆ ಕುದಿಸಿ, ಮತ್ತೆ ಚೆಲ್ಲಿ, ಮತ್ತೆ ತೊಳೀರಿ. ಭಯ ಆದ್ರೆ ಮಾಡಲೇಬೇಡಿ."

ಯಾರೋ ಅಭ್ಯಾಸಬಲದಿಂದ ಚಮಚವೆತ್ತಿ ಬಟ್ಟಲು ಬಡಿದರು.

"ಬಡೀರಿ. ಕಾಫಿ ಆರಿದ್ರೆ ಬಿಸಿ ಮಾಡಬಹುದು," ಎಂದಳು ಹೆಲ್ಕಾ. "ಹೋದ ವರ್ಷ ಇದೇ ಜಾಗದಲ್ಲಿ ನಿಂತು ಇದೇ ಅಡುಗೆ ಹೇಳಿದೆ. ನೀರಿನ ಮಾತು ಬಿಟ್ಟೆ. ಎಲ್ಲರಿಗೂ ಗೊತ್ತು ಅಂದ್ಕೊಂಡೆ. ಅದಕ್ಕೆ ಒಬ್ಬರು ಸತ್ರು."

ಹಿಲ್ಯಾಳ ಮುಖ ಸುಣ್ಣವಾಗಿತ್ತು. ಮತ್ತೆ ಅದೇ ತಪ್ಪು ತನ್ನ ಬಾಯಿಂದಲೇ ಹೊರಟಿತ್ತು. ಅವಳು ಬಾಗಿಲ ಕಡೆ ನೋಡುತ್ತಿದ್ದಳು. ಹೆಲ್ಕಾ ತಿರುಗಿದಳು.

ಬಾಗಿಲಲ್ಲಿ ಓಸ್ಮೊ ನಿಂತಿದ್ದ. ಅವನ ಕೈಯಲ್ಲಿ ಅವಳ ಬುಟ್ಟಿಯಿತ್ತು.

ಇಬ್ಬರೂ ಹೊರಗೆ ಬಂದು ಸರೋವರದ ದಂಡೆಯಲ್ಲಿ ನಿಂತರು.

"ಬುಟ್ಟಿ ಕೊಟ್ಟು ಹೋಗೋಣ ಅಂತ ಬಂದೆ," ಎಂದ ಅವನು. "ನೀವು ಅಷ್ಟು ಜನರ ಮುಂದೆ ಹೇಳಿದ್ರಿ. ಇನ್ನು ನಾನು ಹೇಳದೆ ಇದ್ರೆ ಮನುಷ್ಯನಲ್ಲ."

"ಬೈಯಿರಿ. ವರ್ಷದಿಂದ ಕಾಯ್ತಿದ್ದೀನಿ."

"ಅಪ್ಪ ಹೇಳಿದ್ರು, ಹೆಲ್ಕಾ."

"ಏನು?"

"ನೀರು ಚೆಲ್ಲೋ, ನೀರು ಚೆಲ್ಲೋ ಅಂತ. ಒಲೆ ಪಕ್ಕ ನಿಂತು ನನ್ನ ತೋಳು ಜಗ್ಗಿದ್ರು." ಅವನು ಬುಟ್ಟಿಯನ್ನು ಕೆಳಗಿಟ್ಟ. "ಅವತ್ತು ಬೆಳಿಗ್ಗೆಯಿಂದ ಸತ್ತ ಅಮ್ಮನನ್ನ ಊಟಕ್ಕೆ ಕರೀತಿದ್ರು, ಇಲ್ಲದ ಹಸುಗೆ ಹುಲ್ಲು ಹಾಕು ಅಂತಿದ್ರು. ಇದೂ ಅಂಥದ್ದೇ ಅಂದ್ಕೊಂಡೆ. ಕೂತ್ಕೊಳ್ಳಿ ಅಪ್ಪಾ ಅಂತ ಗದರಿದೆ. ಕೂತ್ರು. ಹಾಕಿದ್ದನ್ನ ತಿಂದ್ರು. ಅಷ್ಟು ಹೊತ್ತಿಗೆ ನೀರಿನ ವಿಷಯ ಮರ್ತೇ ಹೋಗಿತ್ತು ಅವರಿಗೆ."

ಹೆಲ್ಕಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಮಣ್ಣು ಮಾಡಿದ ದಿನ ನೀವು ಗೇಟಿಂದ ತಿರುಗಿ ಹೋದ್ರಿ. ಅಪ್ಪನನ್ನ ಕೊಂದವನ ಮುಖ ನೋಡೋಕೆ ಅಸಹ್ಯ ಆಯ್ತೇನೋ ಅಂದ್ಕೊಂಡೆ. ದಿನಾ ಕಾರು ನಿಲ್ಲುತ್ತೆ, ನೀವು ಇಳಿಯಲ್ಲ. ಸರಿಯಾಗೇ ಮಾಡ್ತಿದ್ದಾರೆ ಅಂದ್ಕೊಂಡು ನಿಂತಿರ್ತಿದ್ದೆ."

"ನೀವು ನನ್ನ ಶಪಿಸ್ತಿದ್ದೀರಿ ಅಂತ..."

"ಕಾರಿನ ಸದ್ದು ಕೇಳಿದ್ರೇನೇ ನನಗೆ ದಿನ ಶುರುವಾಗ್ತಿತ್ತು."

ಅವಳು ಅಳುತ್ತ ಅವನ ಕೈ ಹಿಡಿದಳು. ವರ್ಷದ ಹಿಂದೆ ತಳ್ಳಿದ ಅದೇ ಕೈ; ಈಗ ತಣ್ಣಗಿತ್ತು, ಮೂಳೆ ಸಿಗುತ್ತಿತ್ತು. ಇಬ್ಬರಲ್ಲಿ ಯಾರೂ "ನಿನ್ನ ತಪ್ಪಲ್ಲ" ಎನ್ನಲಿಲ್ಲ. ತೌನೊ ಮಣ್ಣಿನಲ್ಲಿದ್ದ, ಯಾವ ಮಾತೂ ಅವನನ್ನು ಎಬ್ಬಿಸುವಂತಿರಲಿಲ್ಲ. ಆದರೆ ಒಬ್ಬರೇ ಹೊತ್ತ ಭಾರಕ್ಕೆ ಇನ್ನೊಂದು ಹೆಗಲು ಸಿಕ್ಕಿತ್ತು.

"ಒಲೆ ಹಚ್ಚಿ ಎಷ್ಟು ದಿನ ಆಯ್ತು?" ಎಂದು ಕೇಳಿದಳು.

"ಆಸ್ಪತ್ರೆಯಿಂದ ಬಂದ ಮೇಲೆ ಹಚ್ಚಿಲ್ಲ. ಭಯ."

"ನಾಳೆ ಬರ್ತೀನಿ. ಕಾರಿಂದ ಇಳೀತೀನಿ."

"ಏನು ಮಾಡೋಣ?"

"ಆಲೂಗಡ್ಡೆ. ಉಪ್ಪು ಹಾಕಿ ಬೇಯಿಸೋದು, ಅಷ್ಟೇ."

"ಎಲ್ಲಾ ಹೇಳಿಕೊಡ್ತೀಯಾ? ಎಲ್ಲರಿಗೂ ಗೊತ್ತಿರೋದನ್ನೂ?"

ಅವನು ಮೊದಲ ಸಲ ನೀನು ಎಂದಿದ್ದ. ಹೆಲ್ಕಾ ಕಣ್ಣೊರೆಸಿಕೊಂಡಳು.

"ಹೇಳ್ತೀನಿ. ಒಂದೂ ಬಿಡಲ್ಲ. ನಿನ್ನನ್ನ ಪ್ರೀತಿಸ್ತೀನಿ. ನಿನಗೆ ಗೊತ್ತಿರುತ್ತೆ ಅಂತ ಇದನ್ನೂ ಹೇಳದೆ ಬಿಟ್ಟಿದ್ದೆ."

"ಗೊತ್ತಿರಲಿಲ್ಲ," ಎಂದ ಓಸ್ಮೊ. "ಇನ್ನೊಂದು ಸಲ ಹೇಳು."